ಬೆಂಕಿ ಸಂಘದ ಮೊದಲ ಫೋಟೋ

ಗದಗ
ತಾ. 12-3-1956

ಗೆಳೆಯ ತಿರಕಪ್ಪನಿಗೆ,

ಅಂದಾನಪ್ಪ ಬರೆಯುವುದು. ಅಕ್ಷರ ನೋಡಿದ ಕೂಡಲೇ ಈ ಕಾಗದ ಹರಿದು ಹಾಕಬೇಕು ಅನಿಸಿದರೆ ಹರಿದುಬಿಡು. ನಾನು ಅದಕ್ಕೆ ಎದುರು ಆಡುವವನಲ್ಲ.

ಬೆಟಗೇರಿ ಬಿಟ್ಟು ಹೋದ ಮೇಲೆ ನೀನು ಶಿರಹಟ್ಟಿಯ ಶೇಂಗಾ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದೀಯೆಂದು ಮೋಟಾರಿನ ಫಕೀರಸಾಬ ಹೇಳಿದ. ಅರಳೆ ಬಿಡಿಸುವ ಹತ್ತಿ ಜಿನ್ನಿನ ಗೇಟಿನಲ್ಲಿ ಖಾಕಿ ಅಂಗಿ ಹಾಕಿಕೊಂಡು ಕಾವಲು ಕೂಡುತ್ತಿದ್ದವನು ಈಗ ಚೀಲ ಹೊರುತ್ತೀ. ಶಂಕ್ರೆವ್ವ, ಮಕ್ಕಳು ಆರಾಮ ಇದ್ದಾರೆಂದು ತಿಳಿಯುತ್ತೇನೆ.

ಒಂದು ವಿಷಯ ಕೇಳಲು ಬರೆಯುತ್ತಿದ್ದೇನೆ. ಹೋದ ತಿಂಗಳು ಬಿಂಕದಕಟ್ಟಿಯಲ್ಲಿ ಆರು ಬಣವೆ ಸುಟ್ಟವು. ಇಲ್ಲಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವ ವೆಂಕಟೇಶ ಮಾಸ್ತರರು, ಸೈಕಲ್ ಅಂಗಡಿಯ ಅಲ್ಲಾಉದ್ದೀನ ಇಬ್ಬರೂ ತಮ್ಮ ಡಬ್ಬಿ ಕ್ಯಾಮೆರಾ ತೆಗೆದುಕೊಂಡು ಹೋಗಿ ಫೋಟೋ ಹೊಡೆದರು. ತೊಳೆಸಲು ನನ್ನ ಸ್ಟುಡಿಯೋಕ್ಕೆ ಬಂದಾಗ, ಗೋಡೆಯ ಮೇಲಿನ ಜಿನ್ನಿನ ಬೆಂಕಿಯ ಫೋಟೋ ಕಣ್ಣಿಗೆ ಬಿತ್ತು. ಹುಬ್ಬಳ್ಳಿಯ ಪತ್ರಿಕೆಯಲ್ಲಿ ಅಚ್ಚಾಗಿತ್ತಲ್ಲ, ಮುಂಬಾಗಿಲ ಕಡೆಯ ಹೊಗೆಯ ಫೋಟೋ, ಅದೇ. ಮಾಸ್ತರರು ಅದರ ಮುಂದೆ ಬಹಳ ಹೊತ್ತು ನಿಂತರು.

"ಈ ಫೋಟೋ ಇರಲಿಲ್ಲಂದ್ರ ಜಿನ್ನು ಸುಟ್ಟದ್ದು ಯಾರ ನೆನಪಿನ್ಯಾಗೂ ಉಳೀತಿರಲಿಲ್ರಿ. ವರ್ಷಾ ಎಷ್ಟ ಮನಿ, ಎಷ್ಟ ಬಣಿವಿ ಸುಡತಾವ. ಗುರುತ ಇಲ್ಲ. ಗುರುತ ಇಲ್ಲಂದ್ರ ಬಂಬು ಯಾಕ ತರಸ್ತಾರ್ರಿ ಇವರು?" ಎಂದರು.

ಬೆಂಕಿ ಆರಿಸುವ ಬಂಬು ಗದಗಿಗೆ ಬೇಕೆಂದು ಕೇಳಿ ಕೇಳಿ ಜನ ಸೋತಿದ್ದಾರೆ. ಈಗ ಈ ಇಬ್ಬರು ಬೆಂಕಿಯ ಫೋಟೋಗಳನ್ನು ತೆಗೆದಿಡುವ ಒಂದು ಸಂಘ ಕಟ್ಟಬೇಕೆಂದಿದ್ದಾರೆ. ನನಗೆ ಅಧ್ಯಕ್ಷ ಆಗೆನ್ನುತ್ತಾರೆ. ನನ್ನ ಆ ಫೋಟೋವನ್ನೇ ಸಂಘದ ಮೊದಲ ಫೋಟೋ ಎಂದು ಇಡುತ್ತಾರಂತೆ.

ನಿನ್ನನ್ನು ಕೇಳದೆ ಹೂಂ ಅನ್ನಲು ನಾಲಿಗೆ ಏಳಲಿಲ್ಲ. ನಾನು ಒಪ್ಪಬೇಕೋ ಬೇಡವೋ, ನೀನು ಹೇಳಿದಂತೆ.

ನಿನ್ನ
ಅಂದಾನಪ್ಪ


ಶಿರಹಟ್ಟಿ
ತಾ. 9-4-1956

ಅಂದಾನಪ್ಪಗ,

ನಿನ್ನ ಕಾಗದ ಮುಟ್ಟಿತು. ಶಂಕ್ರೆವ್ವ ಒಲ್ಯಾಗ ಹಾಕಾಕ ಹೋಗಿದ್ಳು. ನಾನ ತಡದೆ. ಓದಿ ನಾಕ ಹಗಲು ಅಂಗಿ ಕಿಸೇದಾಗ ಇಟಗೊಂಡು ಅಡ್ಡಾಡಿದೆ.

ಸಂಘ ಕಟ್ಟಬೇಕೋ ಬ್ಯಾಡೋ ಅಂತ ನನ್ನ ಕೇಳ್ತಿ. ನಾ ಯಾರು ಹೇಳಾಕ. ಜಿನ್ನಿನ ಹಿಂದಿನ ಬಾಗಲಾ ಬೀಗಾ ಹಾಕಿ, ಕೀಲಿ ತಗೊಂಡು ಎಲ್ಲೋ ಹೋಗಿ, ಒಬ್ಬ ಹೆಣ್ಮಗಳು ಸಾಯೂಹಂಗ ಮಾಡಿದಾಂವ ನಾನು. ಕೋರ್ಟಿನ್ಯಾಗ ಹಂಗ ಬರದೈತಿ. ಆರ ತಿಂಗಳು ಜೇಲಿನ್ಯಾಗ ಇದ್ದ ಬಂದೀನಿ. ಮುಂಡರಗಿ ಸಂತಿಗೆ ಹೋದ್ರ ಹಿರೇವಡ್ಡಟ್ಟಿ ಹೊಳೆಯಪ್ಪ ನನ್ನ ಕಂಡು ಉಗಳತಾನ. ದುರಗವ್ವನ ಗಂಡ ಆಂವ. ಉಗಳಲಿ. ಹೇಣ್ತಿ ಸತ್ತಾಂವ ಮತ್ತೇನ ಮಾಡ್ಯಾನು. ಈಗ ನಾ ಸಂತಿಗೆ ಹೋಗೂದ ಬಿಟ್ಟೀನಿ.

ನಾ ಜಡ್ಜ್ ಸಾಹೇಬರ ಮುಂದ ಕೈ ಮುಗದು ಹೇಳಿದೆ, ಅಂದಾನಪ್ಪ ಅಲ್ಲೇ ಕ್ಯಾಮೆರಾ ಇಟಗೊಂಡು ನಿಂತಿದ್ದ, ಅವನ್ನ ಕೇಳ್ರಿ ಅಂತ. ನೀ ಬಂದಿ. ತಲಿ ಮ್ಯಾಲ ಎತ್ತಲಿಲ್ಲ. ನಾ ಆಮ್ಯಾಲ ಬಂದೇನ್ರಿ, ಮುಂದಿನ ರಸ್ತೇದಾಗಿಂದ ಹೊಗಿ ಅಷ್ಟ ತಗದೇನ್ರಿ ಅಂದಿ.

ನನಗ ಒಂದ ಮಾತ ಬೇಕು. ಅವತ್ತ ನಾ ನಿನ್ನ ಕರದೆ. ನಿನಗ ಕೇಳಸ್ತೋ ಇಲ್ಲೋ. ಅಷ್ಟ ಬರಿ. ಬ್ಯಾರೆ ಏನೂ ಬರೀಬ್ಯಾಡ.

ತಿರಕಪ್ಪ


ಗದಗ
ತಾ. 3-6-1956

ತಿರಕಪ್ಪ,

ನೀನು ಕೇಳಿದ್ದಕ್ಕೆ ಉತ್ತರ ಒಂದೇ ಮಾತಿನದು. ಅದನ್ನು ಬರೆಯಲು ನನಗೆ ಎಂಟು ವಾರ ಹಿಡಿದವು. ಕೇಳಿಸಿತು.

ಬೇರೆ ಏನೂ ಬರೆಯಬೇಡ ಎಂದಿದ್ದೀ. ಆ ಮಾತು ಮೀರುತ್ತೇನೆ. ಇಷ್ಟಕ್ಕೇ ನಿಲ್ಲಿಸಿದರೆ ಅದೂ ಅರ್ಧ ಸುಳ್ಳೇ ಆಗುತ್ತದೆ.

ಅಂದು ಜಿನ್ನಿನ ಮಾಲೀಕ ಸಾವಕಾರರು ಹೊಸದಾಗಿ ತಂದ ಎಂಜಿನ್ನಿನ ಫೋಟೋ ತೆಗೆಯಲು ನನ್ನನ್ನು ಕರೆಸಿದ್ದರು. ಮಧ್ಯಾಹ್ನ ಒಂದರ ಬಿಸಿಲು. ದೊಡ್ಡ ಕ್ಯಾಮೆರಾ, ಮೂರುಕಾಲಿನ ಸ್ಟ್ಯಾಂಡು ಹೊತ್ತುಕೊಂಡು ಹಿಂದಿನ ಓಣಿಯಿಂದ ಬಂದೆ, ನೆರಳಿತ್ತೆಂದು. ಗೋಡೆ ದಾಟುವಷ್ಟರಲ್ಲಿ ಹಂಚಿನ ಸಂದಿಯಿಂದ ಹೊಗೆ ಏಳುವುದು ಕಂಡಿತು. ಮೊದಲು ಬಿಳಿ, ಆಮೇಲೆ ಹಳದಿ. ಆಮೇಲೆ ಇಡೀ ಚಾವಣಿ ಒಂದೇ ಸಲ ಉಸಿರು ಬಿಟ್ಟ ಹಾಗೆ ಆಯಿತು.

ನಾನು ಸ್ಟ್ಯಾಂಡ್ ಇಳಿಸಿದೆ. ಯಾಕೆ ಇಳಿಸಿದೆ ಎಂದು ಮೂರು ವರ್ಷದಿಂದ ನನ್ನನ್ನೇ ಕೇಳುತ್ತಿದ್ದೇನೆ. ಹದಿನೈದು ವರ್ಷ ಮದುವೆ ಗಂಡು ಹೆಣ್ಣುಗಳನ್ನು ಕುರ್ಚಿಯ ಮೇಲೆ ಕೂಡಿಸಿ ಫೋಟೋ ತೆಗೆದವನು ನಾನು. ಇಂಥದ್ದು ಎಂದೂ ನನ್ನ ಮುಂದೆ ನಿಂತಿರಲಿಲ್ಲ. ಕರಿ ಬಟ್ಟೆಯೊಳಗೆ ತಲೆ ಹಾಕಿದೆ. ಗಾಜಿನ ಮೇಲೆ ಎಲ್ಲ ತಲೆಕೆಳಗಾಗಿ, ಬಹಳ ಚೆಂದ ಕಾಣುತ್ತಿತ್ತು. ಚೆಂದ ಎಂಬ ಮಾತನ್ನೇ ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ.

ಆಗ ನೀನು ಮುಂದಿನ ಗೇಟಿನಿಂದ ಓಡಿ ಬಂದೆ. ಹಿಂಬಾಗಿಲಿನ ಬೀಗ ಹಿಡಿದು ಜಗ್ಗಿದೆ. ಒಳಗಿನಿಂದ ಬಡಿಯುವ ಸಪ್ಪಳ ನನಗೂ ಕೇಳುತ್ತಿತ್ತು. ನೀನು ತಿರುಗಿ ನನ್ನನ್ನು ನೋಡಿ ಕೂಗಿದೆ, "ಅಂದಾನೀ, ಆ ಹಾರಿ ತಗೊಂಬಾರಲೇ." ಕಬ್ಬಿಣದ ಹಾರೆ ನನ್ನ ಕಾಲಿನಿಂದ ನಾಲ್ಕು ಹೆಜ್ಜೆಗೆ, ಗೋಡೆಗೆ ಆನಿಸಿ ಇತ್ತು. ನಾನು ಬಟ್ಟೆಯೊಳಗಿಂದಲೇ ಅಂದೆ, "ತಡಿಯೋ, ಒಂದ ನಿಮಿಷ."

ಒಂದು ಗಾಜಿನ ಪ್ಲೇಟಿನ ಮೇಲೆ ಫೋಟೋ ತೆಗೆದೆ. ಇನ್ನೊಂದು ಪ್ಲೇಟು ಹಾಕಿದೆ. ಅದನ್ನೂ ತೆಗೆದೆ. ನಾನು ಬಟ್ಟೆಯಿಂದ ತಲೆ ಹೊರಗೆ ತೆಗೆಯುವಷ್ಟರಲ್ಲಿ ನೀನೇ ಬಂದು ಹಾರೆ ಕಿತ್ತುಕೊಂಡು ಹೋಗಿದ್ದೆ. ನೀನು ಬೀಗ ಮುರಿದಾಗ ದುರಗವ್ವ ಬಾಗಿಲ ಹಿಂದೆಯೇ ಇದ್ದಳು. ನಾನು ಕ್ಯಾಮೆರಾ ಎತ್ತಿಕೊಂಡು ಮುಂದಿನ ರಸ್ತೆಗೆ ಬಂದೆ. ಪತ್ರಿಕೆಯಲ್ಲಿ ಬಂದ ಫೋಟೋ ಆಮೇಲೆ ತೆಗೆದದ್ದು.

ಎರಡನೆಯ ಪ್ಲೇಟಿಗೆ ಬೆಳಕು ಹೊಕ್ಕು ಕೆಟ್ಟಿತು. ಮೊದಲನೆಯದು ನನ್ನ ಹತ್ತಿರ ಇದೆ. ಕರಿ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ಅದರಲ್ಲಿ ನೀನು ಬೀಗ ಹಿಡಿದು ಈ ಕಡೆ ತಿರುಗಿದ್ದೀ. ಮೂಲೆಯಲ್ಲಿ ಮ್ಯಾನೇಜರ್ ಕುಬೇರಪ್ಪ ನಿನಗೆ ಬೆನ್ನು ಮಾಡಿ ಆಫೀಸಿನ ಕಡೆ ಹೋಗುತ್ತಿದ್ದಾನೆ. ಅವನ ಸೊಂಟದಲ್ಲಿ ಕೀಲಿಯ ಗೊಂಚಲು ಜೋತಾಡುತ್ತಿರುವುದು ಸ್ವಚ್ಛ ಕಾಣುತ್ತದೆ. ಹೆಣ್ಣುಮಕ್ಕಳು ಉಡಿಯಲ್ಲಿ ಅರಳೆ ಒಯ್ಯುತ್ತಾರೆಂದು ಬೆಳಿಗ್ಗೆಯೇ ಬೀಗ ಜಡಿಸಿದವನು ಅವನು. ಕೋರ್ಟಿನಲ್ಲಿ ಕೀಲಿ ನಿನ್ನ ಹತ್ತಿರ ಇತ್ತೆಂದು ಅವನು ಹೇಳಿದಾಗ ಅದು ಸುಳ್ಳೆಂದು ಅವನನ್ನು ಬಿಟ್ಟರೆ ಗೊತ್ತಿದ್ದವರು ಇಬ್ಬರು, ನೀನು ಮತ್ತು ನಾನು.

ಸಾವಕಾರರ ಹೆದರಿಕೆಯಿಂದ ಮುಚ್ಚಿಟ್ಟೆ ಎಂದು ನೀನು ತಿಳಿಯಬಹುದು. ನನ್ನ ಸ್ಟುಡಿಯೋ ಅವರ ಕಟ್ಟಡದಲ್ಲಿದೆ, ಖರೆ. ಆದರೆ ಅದು ಕಾರಣವಲ್ಲ. ಆ ಪ್ಲೇಟು ತೋರಿಸಿದರೆ ನೋಡಿದವರು ಮೊದಲು ಕೇಳುವುದು ಒಂದೇ: ಇದನ್ನು ತೆಗೆಯುತ್ತಾ ನಿಂತವನು ಯಾರು? ಅದಕ್ಕೆ ಹೆದರಿದೆ. ನಿನ್ನನ್ನು ಜೇಲಿಗೆ ಕಳಿಸಿ ನಾನು ಆ ಪ್ರಶ್ನೆಯಿಂದ ತಪ್ಪಿಸಿಕೊಂಡೆ.

ಪ್ಲೇಟು ಏನು ಮಾಡಲಿ, ಹೇಳು. ನಿನಗೆ ಕಳಿಸಲೇ?

ಅಂದಾನಪ್ಪ


ಶಿರಹಟ್ಟಿ
ತಾ. 21-6-1956

ಅಂದಾನಪ್ಪಗ,

ಪ್ಲೇಟು ಐತಿ ಅಂತ ಓದಿದ ಮ್ಯಾಲ ಚೀಲದ ಮ್ಯಾಲ ಕುಂತಬಿಟ್ಟೆ. ಹಮಾಲರ ಮುಕಾದಮ ಬಂದು ಬೈದ. ಅಂವ ಏನ ಬೈದಾ ನನಗ ನೆನಪಿಲ್ಲ.

ಒಂದು ಹೇಳತೀನಿ ಕೇಳು. ಜೇಲಿನ್ಯಾಗ ಎಲ್ಲಾರೂ ದಿನಾ ಕೇಳವರು, ಬೀಗಾ ಯಾಕ ಹಾಕಿದಿ ಅಂತ. ಬರಬರತಾ ನನಗ ಸಂಶೆ ಬಂತು. ನಾನ ಹಾಕಿದ್ದೆನೋ ಏನೋ. ಕೀಲಿ ನನ್ನ ಕಿಸೇದಾಗ ಇತ್ತೋ ಏನೋ, ಗಾಬರ್ಯಾಗ ಮರತೆನೋ ಏನೋ. ಬಿಡುಗಡಿ ಆಗಿ ಬಂದ ಮ್ಯಾಲ ಒಂದಿನ ಶಂಕ್ರೆವ್ವನೂ ರೊಟ್ಟಿ ಬಡೀತಾ ಬಡೀತಾ ಕೇಳಿದ್ಳು, "ಅಲ್ಲಾ, ನೀವ ಏನಾರ ಹಾಕಿ ಮರತೀರೇನ್ರಿ?" ನನ್ನ ಮನಿ ಹೆಣ್ಮಗಳು. ನಾ ಇಲ್ಲ ಅನ್ನಲಿಲ್ಲ. ಎದ್ದು ಹೊರಗ ಹೋದೆ.

ಮೂರು ವರ್ಷ ನನ್ನ ಮ್ಯಾಲ ನನಗ ನಂಬಿಕಿ ಇರಲಿಲ್ಲ. ನೀ ಮುಚ್ಚಿಟ್ಟದ್ದು ಬರೇ ಗಾಜಲ್ಲ.

ನನಗ ಕಳಸಬ್ಯಾಡ. ನಾ ಎಲ್ಲಿ ತೋರಸ್ಲಿ. ಹಿರೇವಡ್ಡಟ್ಟಿಗೆ ಹೋಗು. ಹೊಳೆಯಪ್ಪನ ಕೈಯಾಗ ಕೊಡು. ನೀನ ನಿಂತು ಬಾಯಿಲೆ ಹೇಳು, ಟಪಾಲಿಗೆ ಹಾಕಿ ಕೈ ತೊಳಕೋಬ್ಯಾಡ. ಅವನ ಮುಂದ ಹೇಳಿದ ಮ್ಯಾಲ ಸರಕಾರದ ಮುಂದ ಹೇಳು.

ತಿರಕಪ್ಪ


ಗದಗ
ತಾ. 6-8-1956

ತಿರಕಪ್ಪ,

ಹೋಗಿ ಬಂದೆ. ಜೂನಿನಲ್ಲೇ ಪ್ರಿಂಟು ತೆಗೆದಿದ್ದೆ. ಬಿತ್ತಿಗೆಯ ಕೆಲಸ ಇರುತ್ತದೆ, ಮಳೆ ಇದೆ ಎಂದು ನನಗೆ ನಾನೇ ನೆವ ಹೇಳಿಕೊಂಡು ಒಂದು ತಿಂಗಳು ತಳ್ಳಿದೆ. ಇದನ್ನೂ ನಿನಗೆ ಹೇಳಬೇಕು.

ಮುಂಡರಗಿಯಿಂದ ಹಿರೇವಡ್ಡಟ್ಟಿಗೆ ಎರೆಮಣ್ಣಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಹೊಳೆಯಪ್ಪ ಮನೆಯಲ್ಲೇ ಇದ್ದ. ದುರಗವ್ವನ ತಾಯಿ ಹನಮವ್ವ ಅವನ ಮನೆಯಲ್ಲೇ ಇದ್ದಾಳೆ. ನನ್ನ ಗುರುತು ಇಬ್ಬರಿಗೂ ಇರಲಿಲ್ಲ. "ಬರ್ರಿ, ಕುಂಡ್ರಿ" ಎಂದು ಕಂಬಳಿ ಹಾಸಿದರು, ನೀರು ಕೊಟ್ಟರು. ನೀರು ಕುಡಿಯುವ ಮೊದಲು ಹೇಳಿಬಿಡಬೇಕೆಂದು ನಿಂತುಕೊಂಡೇ ಎಲ್ಲ ಹೇಳಿದೆ. ಫೋಟೋ ಹೊಳೆಯಪ್ಪನ ಕೈಗೆ ಕೊಟ್ಟೆ.

ಅವನು ನಿನ್ನನ್ನು ಗುರುತಿಸಿದ, ಕುಬೇರಪ್ಪನನ್ನು ಗುರುತಿಸಿದ. ಕೀಲಿಯ ಗೊಂಚಲಿನ ಮೇಲೆ ಬೆರಳಿಟ್ಟು ಕುಳಿತ. ಆಮೇಲೆ ಕೇಳಿದ.

"ಎಷ್ಟ ಹೊತ್ತ ನಿಂತಿದ್ದಿ?"

ಅಲ್ಲಿಯವರೆಗೆ ರೀ ಹಚ್ಚಿ ಮಾತಾಡಿದ್ದ. ನಾನು ಹೇಳಿದೆ, "ಎರಡು ಪ್ಲೇಟು ತೆಗೆಯುವಷ್ಟು."

"ಅದೇನ ನನಗ ತಿಳೀತೈತಿ? ಎಷ್ಟು ಹೇಳು."

"ಮೂರು ನಿಮಿಷ ಇರಬೇಕು."

ಅವನು ಎದ್ದು ದನದ ಕೊಟ್ಟಿಗೆಗೆ ಹೋದ. ಫೋಟೋ ಕಂಬಳಿಯ ಮೇಲೆ ಉಳಿದಿತ್ತು. ಹನಮವ್ವ ಅದನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದಳು. ಮುದುಕಿಗೆ ಕಣ್ಣು ಮಂದ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಜಿನ್ನಿನ ಹಿಂಬಾಗಿಲ ಪಕ್ಕದಲ್ಲಿ ಸರಳು ಹಾಕಿದ ಸಣ್ಣ ಕಿಂಡಿ ಇತ್ತಲ್ಲ, ಅಲ್ಲಿ ಬೆರಳಿಟ್ಟು, "ಇವು ಆಕಿ ಕೈ" ಎಂದಳು.

ತಿರಕಪ್ಪ, ಆ ಪ್ಲೇಟನ್ನು ನಾನು ನೂರು ಸಲವಾದರೂ ನೋಡಿದ್ದೇನೆ. ಸರಳಿನ ಮೇಲೆ ಬೆಳ್ಳಗೆ ಕಾಣುವುದು ಸುಣ್ಣ ಮೆತ್ತಿದ್ದು ಎಂದೇ ತಿಳಿದಿದ್ದೆ. ಭೂತಗನ್ನಡಿ ನನ್ನ ಕಿಸೆಯಲ್ಲಿತ್ತು, ಹಿಡಿದು ನೋಡಿದೆ. ನಾಲ್ಕು ಬೆರಳು, ಕೆಳಗೆ ಬಳೆ.

"ಹೋಳಿ ಹುಣ್ಣಿವಿಗೆ ನಾನ ಇಡಿಸಿದ ಬಳಿ" ಎಂದಳು. ಆಮೇಲೆ ಫೋಟೋವನ್ನು ಹೊರಳಿಸಿ ಹಿಂದೆಯೂ ನೋಡಿ ಕೇಳಿದಳು, "ಮಾರಿ ಇಲ್ಲೇನಪಾ?"

"ಇಲ್ಲ ಯವ್ವಾ."

"ಆಕಿದು ಒಂದೂ ಫೋಟೋ ಇರಲಿಲ್ಲ ನಮ್ಮ ಮನ್ಯಾಗ. ಜಾತ್ರ್ಯಾಗ ಒಮ್ಮಿ ತಗಸೂಣು ಅಂದಿದ್ಳು, ಮುಂದಿನ ವರ್ಷ ಅಂದಿದ್ದೆ ನಾನು. ಇಷ್ಟ ಆತು ಹಂಗಾರ ಆಕಿದು." ಸೆರಗಿನಲ್ಲಿ ಸುತ್ತಿ ಒಳಗೆ ಒಯ್ದಳು. ನಾನು ಹುಟ್ಟಿದ ಮೇಲೆ ಎಷ್ಟೋ ಸಾವಿರ ಮುಖ ತೆಗೆದಿದ್ದೇನೆ.

ಹೊಳೆಯಪ್ಪ ತಿರುಗಿ ಬಂದ. ಕೈಗೆಲ್ಲ ಹುಲ್ಲು ಹತ್ತಿತ್ತು. "ನಿನಗ ಹೊಡೀಬೇಕಂತ ಏನಾರ ಹುಡಕಾಕ ಹೋಗಿದ್ದೆ. ಎತ್ತಿನ ಮೈ ತಿಕ್ಕಿ ಬಂದೆ. ಇನ್ನ ನೀ ಹೋಗು. ಮತ್ತ ಬರಬ್ಯಾಡ" ಎಂದ. ನಾನು ಹೊಸ್ತಿಲು ದಾಟಿದಾಗ ಹಿಂದಿನಿಂದ ಕೇಳಿದ, "ತಿರಕಪ್ಪ ಶಿರಹಟ್ಟ್ಯಾಗ ಎಲ್ಲಿರ್ತಾನ?" ಶೇಂಗಾ ಮಿಲ್ಲಿನ ಗುರುತು ಹೇಳಿದೆ.

ನಾಳೆ ವಕೀಲರನ್ನು ಕಂಡು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡುವ ದಾರಿ ಕೇಳುತ್ತೇನೆ.

ಅಂದಾನಪ್ಪ


ಶಿರಹಟ್ಟಿ
ತಾ. 2-9-1956

ಅಂದಾನಪ್ಪಗ,

ಹೊಳೆಯಪ್ಪ ಬಂದಿದ್ದ. ಮಿಲ್ಲಿನ ಮುಂದ ಬೇವಿನಗಿಡದ ಬುಡಕ ಮುಂಜಾನಿಂದ ಕುಂತಿದ್ದನಂತ, ನನಗ ಗೊತ್ತಿಲ್ಲ. ಹೊರಗ ಬಂದಾಗ ಎದ್ದು ನಿಂತ. ನನಗ ಹೆದರಿಕಿ ಆತು. ಅಂವ ನನ್ನ ಹಿಂದ ಮನಿಗೆ ಬಂದ. ಶಂಕ್ರೆವ್ವ ರೊಟ್ಟಿ, ಪುಂಡಿಪಲ್ಲೆ ನೀಡಿದ್ಳು, ಉಂಡ. ಉಂಡು ಕೈ ತೊಳದು, ಆ ಫೋಟೋ ತಗದು ನನ್ನ ಮುಂದ ಇಟ್ಟ. "ನೀ ನೋಡಿಲ್ಲಂತಲ್ಲ, ನೋಡು" ಅಂದ.

ನೋಡಿದೆ. ನನ್ನ ಬಾಯಿ ತೆರದೈತಿ. ನಾ ಏನ ಅನ್ನಾಕತ್ತೇನಿ ನನಗ ಗೊತ್ತೈತಿ, ನಿನಗೂ ಗೊತ್ತೈತಿ.

ಹೊಳೆಯಪ್ಪ ಹೋಗಬೇಕಾದ್ರ ಒಂದ ಮಾತ ಅಂದ. "ಮಂದಿ ಮುಂದ ಉಗಳೀನಿ. ಮಂದಿ ಮುಂದ ಹೇಳತೀನಿ, ಬರೂ ಸೋಮಾರ ಸಂತಿಗೆ ಬಾ." ಹೋಗಿದ್ದೆ. ಸಂತಿ ನಡಬರಕ ನನ್ನ ಕೈ ಹಿಡಕೊಂಡು ಒಂದ ಸುತ್ತ ಅಡ್ಡಾಡಿದ. ಬಾಯಿಲೆ ಏನೂ ಹೇಳಲಿಲ್ಲ. ಎಲ್ಲಾರೂ ನೋಡಿದ್ರು.

ಶಂಕ್ರೆವ್ವ ಅವತ್ತಿಂದ ನನ್ನ ಮಾರಿ ನೋಡಿ ಮಾತಾಡವಲ್ಳು. ನಿನ್ನಿ ಅಂದ್ಳು, "ನಾ ಆ ಮಾತ ಕೇಳಬಾರದಿತ್ರಿ." ನಿನ್ನ ಗಾಜು ನಮ್ಮ ಒಲಿ ಮುಂದಕೂ ಬಂದು ಕುಂತಿತ್ತು ನೋಡು.

ನೀ ಮಾಫ ಮಾಡು ಅಂತ ಎಲ್ಲೂ ಬರದಿಲ್ಲ. ಚಲೋ ಆತು. ಬರದಿದ್ರ ನಾ ಏನ ಹೇಳಬೇಕಿತ್ತೋ ನನಗ ಗೊತ್ತಿಲ್ಲ.

ತಿರಕಪ್ಪ


ಬೆಟಗೇರಿ
ತಾ. 5-11-1956

ತಿರಕಪ್ಪ,

ಮೇಲೆ ಬೆಟಗೇರಿ ಎಂದು ಬರೆದದ್ದು ನೋಡಿರುತ್ತೀ. ಸಾವಕಾರರು ಸ್ಟುಡಿಯೋ ಬಿಡಿಸಿದರು. ನೇಕಾರ ನೀಲಪ್ಪ ತನ್ನ ಮಗ್ಗದ ಮನೆಯ ಪಡಸಾಲೆ ಬಿಟ್ಟುಕೊಟ್ಟಿದ್ದಾನೆ. ಮಗ್ಗದ ಸಪ್ಪಳಕ್ಕೆ ಕ್ಯಾಮೆರಾ ಅಲುಗುತ್ತದೆ, ನಡೆಯುತ್ತದೆ.

ಸೆಪ್ಟೆಂಬರಿನಲ್ಲಿ ಹೇಳಿಕೆ ಕೊಟ್ಟೆ. ಅಂದು ಪ್ರಮಾಣ ಮಾಡಿ ಹೇಳಿದ್ದು ಸುಳ್ಳು ಎಂದು ಬರೆದು ರುಜು ಮಾಡಿದೆ. ಪ್ಲೇಟನ್ನೂ ಒಪ್ಪಿಸಿದೆ, ಒಂದು ಪ್ರಿಂಟು ಮಾತ್ರ ನನ್ನ ಹತ್ತಿರ ಇಟ್ಟುಕೊಂಡೆ. ನನ್ನ ಮೇಲೆ ಸುಳ್ಳು ಸಾಕ್ಷಿಯ ಖಟ್ಲೆ ಆಗಬಹುದೆಂದು ವಕೀಲರು ಹೇಳಿದ್ದಾರೆ, ಆಗಲಿ. ನಿನ್ನ ಹೆಸರಿನ ಮೇಲಿನ ತೀರ್ಪು ತೆಗೆಯಬೇಕಾದರೆ ಮೇಲಿನ ಕೋರ್ಟಿಗೆ ಹೋಗಬೇಕಂತೆ. ಮುಂಬೈ ಸರಕಾರದ ಕಾಗದಪತ್ರಗಳೆಲ್ಲ ಈಗ ಮೈಸೂರಿನ ಕಡೆ ಹೊರಟಿವೆ, ತಡವಾದೀತು ಎನ್ನುತ್ತಾರೆ. ಅರ್ಜಿಗೆ ನಿನ್ನ ರುಜು ಬೇಕು. ಕುಬೇರಪ್ಪ ಸೊಲ್ಲಾಪುರದ ಕಡೆ ಹೋಗಿದ್ದಾನೆ, ಸಮನ್ಸ್ ಮುಟ್ಟಿಲ್ಲ.

ಹೋದ ಗುರುವಾರ ರಾಜ್ಯ ಒಂದಾದ ದಿನ ಇಲ್ಲಿ ಬೀದಿಬೀದಿಗೆ ತೋರಣ. ಬಾಜಾ ಬಾರಿಸಿದರು, ಪೇಢೆ ಹಂಚಿದರು. ಆ ಸಂಭ್ರಮದಲ್ಲೇ ಸಂಘ ಆರಂಭಿಸಬೇಕೆಂದು ವೆಂಕಟೇಶ ಮಾಸ್ತರರು ಮೊದಲೇ ಗೊತ್ತು ಮಾಡಿದ್ದರು. ಸಂಜೆ ಐದಕ್ಕೆ ನೀಲಪ್ಪನ ಪಡಸಾಲೆಯಲ್ಲಿ ಹನ್ನೊಂದು ಜನ ಕೂಡಿದರು. ಮೊದಲ ಫೋಟೋ ಇಡಿರಿ ಎಂದರು. ನಾನು ಹೊಗೆಯ ಫೋಟೋ ಇಡಲಿಲ್ಲ. ಹಿಂಬಾಗಿಲಿನದನ್ನು ಇಟ್ಟೆ, ನಿನಗೆ ಬರೆದದ್ದೆಲ್ಲ ಹೇಳಿದೆ.

ಅಲ್ಲಾಉದ್ದೀನ ಬಗ್ಗಿ ನೋಡಿ, "ಹಾರಿ ಎಲ್ಲೈತ್ರಿ ಇದರಾಗ?" ಎಂದ. ಅದು ಫೋಟೋದ ಹೊರಗಿತ್ತು. ನಾನು ಪಡಸಾಲೆಯಲ್ಲೇ ನಾಲ್ಕು ಹೆಜ್ಜೆ ನಡೆದು ತೋರಿಸಿದೆ. ಮೂವರು ಎದ್ದು ಹೋದರು. ಅದರಲ್ಲಿ ಒಬ್ಬ ನನ್ನ ಕೈಯಿಂದ ತನ್ನ ಮದುವೆಯ ಫೋಟೋ ತೆಗೆಸಿದವನು.

ಮಾಸ್ತರರು ಮೆತ್ತಗೆ ಅಂದರು, "ಇದು ನಿಮ್ಮ ಸ್ವಂತದ ಮಾತಾತ್ರಿ. ಶುಭ ದಿನ ಐತಿ, ಸಂಘದಾಗ ಬ್ಯಾಡ್ರಿ."

ಅಲ್ಲಾಉದ್ದೀನ ಒಪ್ಪಲಿಲ್ಲ. "ಮಾಸ್ತರ, ಬಿಂಕದಕಟ್ಯಾಗ ನೀವು ನಾನು ಏನ ಮಾಡಿದಿವಿ? ಮುದುಕ ಒಬ್ಬಾಂವ ಕೊಡ ಹಿಡಕೊಂಡು ಓಡ್ಯಾಡ್ತಿದ್ದ. ಸ್ವಲ್ಪ ಈ ಕಡೆ ಸರೀರಿ ಅಂದೆ ಅವಗ ನಾನು, ಫೋಟೋಕ್ಕ ಅಡ್ಡ ಬರ್ತಾನಂತ. ಇದನ್ನ ಬಿಟ್ಟು ಸಂಘ ಕಟ್ಟೂದಾದ್ರ ನಾ ಬರೂದಿಲ್ಲ."

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅವರೇ ಪುಸ್ತಕ ತೆರೆದು ಬರೆದರು: ಬೆಂಕಿ ಬಿದ್ದಲ್ಲಿ ಸದಸ್ಯರು ಮೊದಲು ಕ್ಯಾಮೆರಾ ಕೆಳಗಿಡಬೇಕು, ಜನ ಹೊರಗೆ ಬಂದ ಮೇಲೆಯೇ ಎತ್ತಬೇಕು; ತೆಗೆದ ಫೋಟೋ ಯಾವುದನ್ನೂ ಮುಚ್ಚಿಡಬಾರದು. ಅಧ್ಯಕ್ಷ ಅಲ್ಲಾಉದ್ದೀನ. ನನಗೆ ತೊಳೆಯುವ, ಪ್ರಿಂಟು ಹಾಕುವ ಕೆಲಸ ಅಷ್ಟೇ. ಬೆಂಕಿಯ ಹತ್ತಿರ ನಾನು ಕ್ಯಾಮೆರಾ ಒಯ್ಯಬಾರದೆಂದು ಅವರು ಹೇಳಿದರು. ನಾನಾಗಿ ಕೇಳಿಕೊಂಡದ್ದೆಂದು ನಿನ್ನ ಮುಂದೆ ದೊಡ್ಡವನಾಗುವುದಿಲ್ಲ. ಅವರು ಹೇಳಿದರು, ನಾನು ಹೂಂ ಎಂದೆ.

ಅಲ್ಲಾಉದ್ದೀನನಿಗೆ ಇನ್ನೊಂದು ವಿಚಾರ ಬಂದಿದೆ. ಬೆಂಕಿ ಬಿದ್ದ ಮೇಲೆ ಯಾಕೆ, ಬೀಳುವ ಮೊದಲೇ ತೆಗೆಯೋಣ ಎನ್ನುತ್ತಾನೆ. ಜನವರಿಗೆ ಹತ್ತಿಯ ಸುಗ್ಗಿ ಶುರುವಾಗುತ್ತದೆ. ಅಷ್ಟರೊಳಗೆ ಗದಗ ಬೆಟಗೇರಿಯ ಪ್ರತಿಯೊಂದು ಜಿನ್ನಿನ ಹಿಂಬಾಗಿಲು, ಅದರ ಬೀಗ, ನೀರಿಲ್ಲದ ಪೀಪಾಯಿ ಎಲ್ಲದರ ಫೋಟೋ ತೆಗೆದು ಕಲೆಕ್ಟರರಿಗೆ ಒಯ್ಯಬೇಕಂತೆ. ಆದರೆ ಯಾವ ಜಿನ್ನಿಗೆ ಎಷ್ಟು ಬಾಗಿಲು, ಯಾವ ಬಾಗಿಲಿಗೆ ಯಾವಾಗ ಬೀಗ ಬೀಳುತ್ತದೆ ಎಂಬುದು ಇವರಲ್ಲಿ ಯಾರಿಗೂ ತಿಳಿಯದು. ತಿಳಿದವರು ಯಾರೆಂದು ನನ್ನನ್ನು ಕೇಳಿದರು. ನಾನು ನಿನ್ನ ಹೆಸರು ಹೇಳಿದೆ. ನಿನ್ನನ್ನು ಕೇಳದೆ ಹೇಳಿದ್ದು ತಪ್ಪಾಗಿದ್ದರೆ ಅದೂ ನನ್ನ ಮೇಲೇ ಇರಲಿ.

ಅಂದಾನಪ್ಪ


ಶಿರಹಟ್ಟಿ
ತಾ. 4-12-1956

ಅಂದಾನಪ್ಪಗ,

ಅರ್ಜಿ ಮ್ಯಾಲ ರುಜು ಮಾಡಿ ಇದರ ಜೋಡಿ ಇಟ್ಟೀನಿ. ಈ ಶಿರಹಟ್ಟಿ ಮೊದಲ ಸಾಂಗಲಿ ರಾಜರ ಕಡೆ ಇತ್ತು, ಆಮ್ಯಾಲ ಮುಂಬೈ ಆತು, ಈಗ ಮೈಸೂರು ಅಂತಾರ. ನನ್ನ ಕಾಗದ ಯಾವ ಕಪಾಟಿನ್ಯಾಗ ಐತೋ, ಹುಡಕ್ಲಿ.

ಅಲ್ಲಾಉದ್ದೀನ ಸೈಕಲ್ ಹೊಡಕೊಂಡು ಇಲ್ಲೀತನಕ ಬಂದಿದ್ದ. ಕುಂತು ಮಾತಾಡಿದಿವಿ. ನಾ ಮಾತಾಡಿದಂಗ ಅಂವ ಒಂದು ವಹೀದಾಗ ಬಾಗಲಾ ಬರಕೊಂಡ. ಬರೇ ಬೆಟಗೇರ್ಯಾಗ ಮೂವತ್ತೊಂದ ಆದೂವು. ಅದರಾಗ ಹತ್ತೊಂಬತ್ತಕ್ಕ ಹೊರಗಿಂದ ಬೀಗಾ. ಗದಗಿಂದು ನನಗೂ ಪೂರಾ ನೆನಪಿಲ್ಲ, ಹೋಗಿ ನೋಡಬೇಕು. ಜಿನ್ನಿನವರು ಒಳಗ ಬಿಡೂದಿಲ್ಲ. ಎಲ್ಲಿಂದ ಒಳಗ ಹೋಗಬೇಕು ಅಂತ ನನಗ ಗೊತ್ತೈತಿ.

ಹೊಳೆಯಪ್ಪಗೂ ಖಬರ ಕಳಿಸಿದ್ದೆ. ಬರ್ತೀನಿ ಅಂದಾನ. ಹನಮವ್ವ ಕೇಳ್ಯಾಳಂತ, ಕಿಂಡ್ಯಾಗಿನ ಆ ಕೈ ಅಷ್ಟ ದೊಡ್ಡದು ಮಾಡಿ ಕೊಡಾಕ ಬರತೈತೇನು ಅಂತ. ನಿನಗ ಬರತಿದ್ರ ಮಾಡಿ ಇಡು, ನಾ ಮುಟ್ಟಸ್ತೀನಿ.

ನಮ್ಮ ನಡುವ ಏನೂ ಸರಿಹೋಗಿಲ್ಲ. ಸರಿಹೋಗತೈತಿ ಅಂತ ನಾ ಹೇಳಂಗಿಲ್ಲ, ನೀನೂ ಕೇಳಬ್ಯಾಡ. ನಿನ್ನ ಪಡಸಾಲ್ಯಾಗ ನಾ ಕೂಡೂದಿಲ್ಲ. ಸಂಘದ ಹುಡುಗರ ಜೋಡಿ ಅಡ್ಡಾಡಿ, ಬಾಗಲಾ ತೋರಿಸಿ, ಸಂಜೀಕ ತಿರಗಿ ಬರ್ತೀನಿ.

ಬರೂ ಸೋಮಾರ ಮುಂಜಾನಿ ಮೋಟಾರಿಗೆ ಬರ್ತೀನಿ. ಸ್ಟ್ಯಾಂಡಿಗೆ ಅಲ್ಲಾಉದ್ದೀನನ್ನ ಕಳಸು. ನೀ ಬರಬ್ಯಾಡ.

ತಿರಕಪ್ಪ